ಗುಂಪು ಫೋಟೋದ ಲೆನ್ಸು

ಜೂನ್ ೨, ೧೯೯೩

ಅಣ್ಣನಿಗೆ,

ಪತ್ರ ಶುರು ಮಾಡುವಾಗ ಕ್ಷೇಮ ಕೇಳುವುದು ರೂಢಿ. ಕೇಳಿದ್ದೇನೆ ಎಂದು ತಿಳಿದುಕೊ. ಅಪ್ಪ ಹೋದ ಮೇಲೆ ಆರು ವರ್ಷ ನಾವಿಬ್ಬರೂ ಒಂದು ಸಾಲು ಬರೆದಿಲ್ಲ, ಈಗ ಒಂದು ಸಾಲು ಕ್ಷೇಮದಿಂದ ಯಾರಿಗೂ ಏನೂ ಆಗಬೇಕಾಗಿಲ್ಲ.

ನಾನೀಗ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳ ಕೋಣೆ ನೋಡಿಕೊಳ್ಳುತ್ತೇನೆ. ಮೇಲಿನ ಮಹಡಿ, ಒಂದೇ ಬಾಗಿಲು. ಅರವತ್ತು ವರ್ಷದ ದಿನಪತ್ರಿಕೆಗಳು, ತಿಂಗಳಿಗೊಂದು ಕಟ್ಟು. ಬೀಗದಕೈ ನನ್ನ ಹತ್ತಿರ. ಆ ಕಟ್ಟುಗಳಲ್ಲಿ ಹುಳ ಕಾಣಿಸಿದೆ. ಎಷ್ಟು ಚಿಕ್ಕದೆಂದರೆ, ಓಡಿದರೆ ಹುಳ, ನಿಂತರೆ ಧೂಳು. ನಮ್ಮ ಮುಖ್ಯ ಗ್ರಂಥಪಾಲಕರು ಕನ್ನಡಕ ಮೇಲೆತ್ತಿ ನೋಡಿ, "ಮರ ಕೊರೆಯೋ ಹುಳ ಕಣಮ್ಮ ಇದು. ಕೆಳಗಿನ ಪುಸ್ತಕಗಳಿಗೆ ಇಳಿದರೆ ಮುಗೀತು. ಎಲ್ಲಾ ಹೊರಗೆ ಹಾಕಿಬಿಡೋಣ" ಎಂದರು. ಜುಲೈ ಮೂವತ್ತೊಂದಕ್ಕೆ ಕಾಗದದ ಕಾರ್ಖಾನೆಯಿಂದ ಲಾರಿ ಬರುತ್ತದೆ. ಅರವತ್ತು ವರ್ಷ ಅರೆದು ರಟ್ಟಾಗುತ್ತದೆ.

ನನಗೆ ಅದು ಮರ ಕೊರೆಯುವ ಹುಳ ಅನ್ನಿಸುವುದಿಲ್ಲ. ಕೃಷಿ ಕಾಲೇಜಿನ ಕೀಟತಜ್ಞರಿಗೆ ಬೆಂಕಿಪೊಟ್ಟಣದಲ್ಲಿಟ್ಟು ಮೂರು ಸಲ ಕಳಿಸಿದೆ. ಮೂರು ಸಲವೂ ಅವರಿಗೆ ಸಿಕ್ಕಿದ್ದು ಪುಡಿ. ಕಾಲು, ಮೀಸೆ ಎಣಿಸಲು ಬರುವ ಹಾಗೆ ಒಂದು ಫೋಟೋ ಕಳಿಸಿದರೆ ಹುಳ ಯಾವುದೆಂದು ಬರೆದುಕೊಡುತ್ತೇನೆ ಎಂದಿದ್ದಾರೆ. ಅವರು ಬರೆದುಕೊಟ್ಟರೆ ಲಾರಿ ನಿಲ್ಲುತ್ತದೆ. ಇಲ್ಲದಿದ್ದರೆ ಇಲ್ಲ.

ಅಪ್ಪನ ಕ್ಯಾಮೆರಾದ ಬಾಡಿ ನಿನ್ನ ಪಾಲಿಗೆ ಹೋಯಿತು, ಲೆನ್ಸು ನನ್ನ ಪಾಲಿಗೆ ಬಂತು. ಹಾಗೆ ಹಂಚಿಕೊಂಡದ್ದಕ್ಕೆ ಊರೆಲ್ಲಾ ನಕ್ಕಿತು, ನಾವಿಬ್ಬರು ಮಾತ್ರ ನಗಲಿಲ್ಲ. ಬಾಡಿಯನ್ನು ಎರಡು ತಿಂಗಳ ಮಟ್ಟಿಗೆ ಕಳಿಸು. ಪಾಲಿನ ಮಾತು ಮತ್ತೆ ಎತ್ತುತ್ತಿದ್ದಾಳೆ ಎಂದುಕೊಳ್ಳಬೇಡ. ನೀನು ಕ್ಯಾಮೆರಾ ರಿಪೇರಿಯವನು, ಎರಡು ತಿಂಗಳು ಅದಿಲ್ಲದೆ ನಿನಗೇನೂ ಕಷ್ಟವಾಗುವುದಿಲ್ಲ.

ತಂಗಿ


ಜೂನ್ ೯, ೧೯೯೩

ತಂಗಿಗೆ,

ನೀನು ಕ್ಷೇಮ ಕೇಳಿದೆ ಎಂದುಕೊಂಡೆ. ನಾನು ಹೇಳಿದೆ ಎಂದುಕೊ.

ಅಪ್ಪನ ಬಾಡಿ ಈಗಿಲ್ಲ. ಷಟರ್ ಕೆಟ್ಟಿತು, ಬಿಡಿಭಾಗಕ್ಕೆಂದು ಬಿಚ್ಚಿದೆ. ಫಿಲ್ಮು ಸರಿಸುವ ಲಿವರ್ ಒಬ್ಬ ಮೇಷ್ಟ್ರ ಕ್ಯಾಮೆರಾದಲ್ಲಿದೆ, ಕನ್ನಡಿ ಇನ್ಯಾರದ್ದರಲ್ಲೋ. ರಿಪೇರಿ ಅಂಗಡಿಯಲ್ಲಿ ಇದೆಲ್ಲಾ ಇದ್ದದ್ದೇ. ಅದೇ ಕಂಪನಿಯ ಇನ್ನೊಂದು ಹಳೆಯ ಬಾಡಿ ಮೂಲೆಯಲ್ಲಿ ಬಿದ್ದಿತ್ತು, ಒರೆಸಿ ಕಳಿಸುತ್ತಿದ್ದೇನೆ. ವಾಪಸು ಬೇಡ.

ಆದರೆ ಲೆನ್ಸು ಸಿಕ್ಕಿಸಿ ಕ್ಲಿಕ್ ಅನ್ನಿಸಿದರೆ ಹುಳ ಬರುತ್ತದೆ ಎಂದುಕೊಂಡಿದ್ದರೆ ಅದನ್ನು ತಲೆಯಿಂದ ತೆಗೆದುಹಾಕು. ಅದು ಅಗಲದ ಲೆನ್ಸು. ಅರವತ್ತು ಮಕ್ಕಳು, ಆರು ಜನ ಮೇಷ್ಟ್ರು, ಹಿಂದೆ ಶಾಲೆಯ ಬೋರ್ಡು, ಎಲ್ಲಾ ಒಂದೇ ಚೌಕಟ್ಟಿನಲ್ಲಿ ಹಿಡಿಸಲಿ ಎಂದು ಅಪ್ಪ ಗುಂಪು ಫೋಟೋಗೆ ಕೊಂಡದ್ದು. ದೊಡ್ಡದನ್ನು ಚಿಕ್ಕದು ಮಾಡುವುದು ಅದರ ಕೆಲಸ. ಅದನ್ನೇ ಹಿಂದುಮುಂದು ಮಾಡಿ, ಮುಂದಿನ ಗಾಜು ಕ್ಯಾಮೆರಾದ ಒಳಕ್ಕೆ, ಹಿಂದಿನ ಗಾಜು ಹುಳದ ಕಡೆಗೆ ಬರುವಂತೆ ಕೂರಿಸಿದರೆ, ಚಿಕ್ಕದನ್ನು ದೊಡ್ಡದು ಮಾಡುತ್ತದೆ. ಲೆನ್ಸು ಎಷ್ಟು ಅಗಲದ್ದೋ ಹುಳ ಅಷ್ಟು ದೊಡ್ಡದು. ಹುಳದ ಫೋಟೋಗೆಂದೇ ಮಾಡಿದ ದುಬಾರಿ ಲೆನ್ಸು ಮಾರುವವರು ಈ ವಿಷಯ ಗಿರಾಕಿಗೆ ಹೇಳುವುದಿಲ್ಲ.

ಕೂರಿಸಲು ಒಂದು ಬಳೆ ಮಾಡಿದ್ದೇನೆ. ಗಾಜು ಒಡೆದ ಫಿಲ್ಟರಿನ ಚೌಕಟ್ಟನ್ನು, ನಡುವೆ ತೂತು ಕೊರೆದ ಕ್ಯಾಮೆರಾ ಮುಚ್ಚಳಕ್ಕೆ ಅಂಟಿಸಿದೆ, ಅಷ್ಟೇ. ಒಂದು ಕಡೆ ಲೆನ್ಸಿನ ಬಾಯಿಗೆ ತಿರುಪು, ಇನ್ನೊಂದು ಕಡೆ ಬಾಡಿಗೆ ಸಿಕ್ಕಿಸು. ಲೆನ್ಸಿನ ಮೇಲಿರುವ ಫೋಕಸ್ ಬಳೆಯನ್ನು ಮರೆತುಬಿಡು, ಈಗ ಅದು ಏನೂ ಮಾಡುವುದಿಲ್ಲ. ಕ್ಯಾಮೆರಾವನ್ನೋ ಹುಳವನ್ನೋ ಕೂದಲೆಳೆಯಷ್ಟು ಹಿಂದೆ ಮುಂದೆ ಜರುಗಿಸಿಯೇ ಫೋಕಸ್ ಹಿಡಿಯಬೇಕು. ಗಾಜಿನಿಂದ ಎರಡು ಇಂಚಿಗಿಂತ ಕಡಿಮೆಯಲ್ಲಿ ಎಲ್ಲೋ ಒಂದು ಕಡೆ ಸಿಗುತ್ತದೆ. ಬೆಳಕಿನ ಕಿಂಡಿ ಪೂರ್ತಿ ತೆರೆದು ನೋಡು, ಲೆನ್ಸಿನ ಮೇಲಿನ ಹನ್ನೊಂದು ಎಂಬ ಅಂಕಿಗೆ ಇಳಿಸಿ ಹೊಡೆ. ಬಿಸಿಲು ಬೇಕೇ ಬೇಕು. ಹುಳ ನಿಲ್ಲದಿದ್ದರೆ ಹತ್ತು ನಿಮಿಷ ಫ್ರಿಜ್ಜಿನಲ್ಲಿಡು, ಬುದ್ಧಿ ಬರುತ್ತದೆ. ರೋಲು ಇಲ್ಲಿಗೆ ಕಳಿಸು. ಬೇರೆಯವರ ಕೈಗೆ ಕೊಟ್ಟರೆ ಅವರು ಹುಳವನ್ನು ಕಲೆ ಎಂದು ಉಜ್ಜಿ ತೆಗೆಯುತ್ತಾರೆ.

ಅಣ್ಣ


ಜೂನ್ ೨೬, ೧೯೯೩

ಅಣ್ಣನಿಗೆ,

ಪಾರ್ಸೆಲ್ ಹದಿನಾಲ್ಕಕ್ಕೇ ಬಂತು. ಬಾಡಿಯ ವಿಷಯ ಓದಿದೆ.

ನೀನು ಮಾಡಿದ ಬಳೆ ಸರಿಯಿಲ್ಲ. ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ. ಬಲವಂತ ಮಾಡಲಿಲ್ಲ, ಸುತ್ತ ಕಪ್ಪು ಟೇಪು ಹಾಕಿ ನಿಲ್ಲಿಸಿದೆ. ಕೋಣೆಯಲ್ಲಿ ಬೆಳಕಿಲ್ಲ, ಅದಕ್ಕೆ ಮೆಟ್ಟಿಲಿನ ತಿರುವಿನಲ್ಲಿ ಸ್ಟೂಲು ಹಾಕಿಕೊಂಡು ತೆಗೆದೆ. ಹತ್ತುವವರು ಇಳಿಯುವವರೆಲ್ಲಾ ಒಂದೊಂದು ಸಲಹೆ ಕೊಟ್ಟರು. ಹುಳಗಳನ್ನು ಕ್ಯಾಂಟೀನಿನ ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಇಟ್ಟಿದ್ದೆ. ಕ್ಯಾಂಟೀನಿನವರು ಬೀಡಿ ಹಚ್ಚಲು ಬೆಂಕಿಪೊಟ್ಟಣ ತೆರೆದರು. ಆಮೇಲಿನದು ಬರೆಯುವುದಿಲ್ಲ, ನನಗೀಗ ಅಲ್ಲಿ ಚಹಾ ಸಿಗುವುದಿಲ್ಲ ಎಂದಷ್ಟೇ ತಿಳಿದುಕೊ.

ರೋಲು ಇದರ ಜೊತೆ ಇದೆ. ಮೂವತ್ತಾರು ತೆಗೆದಿದ್ದೇನೆ, ಒಂದಾದರೂ ಬಂದಿರಬೇಕು. ಲಾರಿಗೆ ಇನ್ನು ಐದು ವಾರ.

ತಂಗಿ


ಜುಲೈ ೧, ೧೯೯೩

ತಂಗಿಗೆ,

ಮೂವತ್ತಾರರಲ್ಲಿ ಮೂವತ್ತೈದು ದಂಡ. ಉಳಿದ ಒಂದು ನಿನ್ನ ಹೆಬ್ಬೆರಳು. ಅದು ಬಹಳ ಚೆನ್ನಾಗಿ ಬಂದಿದೆ, ಪೊಲೀಸರಿಗೆ ಕೊಡಬಹುದು.

ಮೊದಲು ನಿನ್ನ ಕೈ ನಡುಗಿದೆ ಎಂದುಕೊಂಡೆ. ಆಮೇಲೆ ನೆಗೆಟಿವ್‌ಗಳನ್ನೆಲ್ಲಾ ಸಾಲಾಗಿ ಬೆಳಕಿಗೆ ಹಿಡಿದೆ. ಹುಳದ ಕೆಳಗಿನ ಪತ್ರಿಕೆಯ ಅಕ್ಷರಗಳು ಎಡಗಡೆ ಚೂಪು, ಬಲಗಡೆ ಮಸುಕು. ಪ್ರತಿಯೊಂದರಲ್ಲೂ ಹಾಗೆಯೇ. ಕೈ ನಡುಗಿದ್ದರೆ ಎಲ್ಲಾ ಕಡೆ ಮಸುಕಾಗಬೇಕಿತ್ತು. ಲೆನ್ಸು ಓರೆಯಾಗಿ ಕೂತಿದೆ. ನನ್ನ ಬಳೆ ಓರೆಯಿಲ್ಲ, ಅಳೆದು ಮಾಡಿದ್ದು. ಅಂದಮೇಲೆ ಲೆನ್ಸಿನ ಬಾಯಂಚು ಒಂದು ಕಡೆ ನೆಗ್ಗಿದೆ.

ದಿನಕ್ಕೊಂದಾದರೂ ಇಂಥ ಲೆನ್ಸು ನನ್ನ ಮೇಜಿಗೆ ಬರುತ್ತದೆ. ತಂದವರೆಲ್ಲಾ "ನಾನು ಬೀಳಿಸಿಲ್ಲ ಸಾರ್, ತಾನಾಗೇ ಹಾಗಾಗಿತ್ತು" ಎನ್ನುತ್ತಾರೆ. ನೀನು ಏನು ಬರೆಯುತ್ತೀಯ ನೋಡೋಣ.

ಒಳಗೆ ತಿರುಪುವ ಬದಲು ಬಾಯಿಯ ಹೊರಗಿನಿಂದ ಪಟ್ಟಿಯ ಹಾಗೆ ಬಿಗಿಯುವ ಇನ್ನೊಂದು ಬಳೆ ಮಾಡಿ ಕಳಿಸಿದ್ದೇನೆ. ಮೂರು ಸ್ಕ್ರೂ ಇವೆ. ಒಂದನ್ನೇ ಪೂರ್ತಿ ಬಿಗಿಯಬೇಡ, ಮೂರನ್ನೂ ಸ್ವಲ್ಪ ಸ್ವಲ್ಪ ಬಿಗಿ.

ಅಣ್ಣ


ಜುಲೈ ೧೦, ೧೯೯೩

ಅಣ್ಣನಿಗೆ,

ಬೀಳಿಸಿದೆ. ಮೂರು ವರ್ಷದ ಹಿಂದೆ, ಮನೆ ಬದಲಿಸುವಾಗ, ಮೆಟ್ಟಿಲ ಮೇಲೆ. ನಿನಗೆ ಗೊತ್ತಾದರೆ "ಅದಕ್ಕೇ ನನಗೆ ಕೊಡಬೇಕಿತ್ತು" ಎನ್ನುತ್ತೀಯ ಎಂದು ಹೇಳಿರಲಿಲ್ಲ. ನೀನು ಅನ್ನಲಿಲ್ಲ. ಅದೂ ನನಗೆ ಅಷ್ಟು ಹಿತವಾಗಲಿಲ್ಲ.

ಹೊಸ ಬಳೆ ಕೂತಿತು. ಈ ಸಲ ಕ್ಯಾಮೆರಾವನ್ನು ಪುಸ್ತಕಗಳ ಮೇಲಿಟ್ಟು ಕಟ್ಟಿಹಾಕಿದೆ. ಹುಳವಿದ್ದ ಪತ್ರಿಕೆಯ ತುಂಡನ್ನು ರಟ್ಟಿಗೆ ಅಂಟಿಸಿ, ರಟ್ಟನ್ನು ಉಗುರಿನಿಂದ ತಳ್ಳಿ ತಳ್ಳಿ ಫೋಕಸ್ ಹಿಡಿದೆ. ಬಿಸಿಲಿನ ಎದುರಿಗೆ ಕ್ಷೌರದ ಕನ್ನಡಿ ಇಟ್ಟು ನೆರಳಿನ ಕಡೆಗೂ ಬೆಳಕು ತಿರುಗಿಸಿದೆ. ಮೀಸೆ ಕಂಡರೆ ಕಾಲು ಹೋಗುತ್ತದೆ, ಕಾಲು ಕಂಡರೆ ಮೀಸೆ ಹೋಗುತ್ತದೆ. ಒಂದು ಸಲ ಎರಡೂ ಕಂಡವು. ಉಸಿರು ಬಿಗಿಹಿಡಿದು ಹೊಡೆದೆ. ಅದು ಎಷ್ಟನೆಯದೆಂದು ಎಣಿಸಲು ಮರೆತೆ.

ತಂಗಿ


ಜುಲೈ ೧೪, ೧೯೯೩

ತಂಗಿಗೆ,

ಹದಿನೇಳನೆಯದು.

ಇಪ್ಪತ್ತೆಂಟು ವರ್ಷದಿಂದ ಈ ಕೆಲಸದಲ್ಲಿದ್ದೇನೆ, ನೆಗೆಟಿವ್ ನೋಡಿ ಕುರ್ಚಿಯಿಂದ ಎದ್ದದ್ದು ಇದೇ ಮೊದಲು. ಆರು ಕಾಲು, ಎರಡು ಮೀಸೆ. ಮೀಸೆ ಮೈಗಿಂತ ಉದ್ದ. ರೆಕ್ಕೆಯಿಲ್ಲ. ಹೊಟ್ಟೆ ಎಷ್ಟು ತೆಳುವೆಂದರೆ ಒಳಗೆ ಏನು ತಿಂದಿದೆ ಎಂಬುದೂ ಕಾಣುತ್ತದೆ. ಅಚ್ಚಿನ ಒಂದು ಸೊನ್ನೆಯೊಳಗೆ ಹಾಯಾಗಿ ನಿಂತಿದೆ, ಮನೆಯಂಗಳದಲ್ಲಿ ನಿಂತ ಯಜಮಾನನ ಹಾಗೆ. ಮೇಷ್ಟ್ರುಗಳನ್ನು ಸಾಲಾಗಿ ಕೂರಿಸಲು ಕೊಂಡ ಲೆನ್ಸು ಇದನ್ನು ತೆಗೆದಿದೆ ಎಂದರೆ ಅಪ್ಪ ನಂಬುತ್ತಿರಲಿಲ್ಲ. ನನಗೆ ಸಂತೋಷವಾಗಿದೆ. ಬರೆದುಬಿಟ್ಟೆ.

ಇನ್ನೊಂದು ವಿಷಯ. ಹುಳದ ಸುತ್ತ ಬಿಳಿ ಎಳೆಗಳಿವೆ. ಹತ್ತಿ ಎಂದುಕೊಂಡಿದ್ದೀಯೇನೋ, ಅಲ್ಲ. ಬೂಷ್ಟು. ಹುಳದ ವಿಷಯ ನನಗೆ ಗೊತ್ತಿಲ್ಲ, ಬೂಷ್ಟಿನ ವಿಷಯ ಯಾವ ತಜ್ಞನೂ ನನಗೆ ಹೇಳಿಕೊಡಬೇಕಾಗಿಲ್ಲ. ಗಾಳಿಯಾಡದ ಬೀರುವಿನಲ್ಲಿಟ್ಟ ಲೆನ್ಸಿನೊಳಗೆ ಬೆಳೆಯುವುದು ಇದೇ. ನಿನ್ನ ಹುಳದ ಬಾಯಿ ಇರುವುದು ಬೂಷ್ಟಿನಲ್ಲಿ, ಕಾಗದದಲ್ಲಲ್ಲ. ಆ ಕೋಣೆಗೆ ಕಿಟಕಿಯೇ ಇಲ್ಲವಾ? ಇದ್ದರೆ ಅದನ್ನು ಮುಚ್ಚಿಸಿದ ಪುಣ್ಯಾತ್ಮ ಯಾರು?

ಪ್ರಿಂಟ್ ಎಷ್ಟು ದೊಡ್ಡದು ಬೇಕು, ಕೂಡಲೇ ಬರೆ.

ಅಣ್ಣ


ಜುಲೈ ೧೭, ೧೯೯೩

ಅಣ್ಣಾ,

ಆ ಪುಣ್ಯಾತ್ಮೆ ನಾನೇ.

ಕಿಟಕಿಗಳು ನಾಲ್ಕಿದ್ದವು. ರಸ್ತೆಯ ಧೂಳು ಬರುತ್ತದೆ ಎಂದು ನಾಲ್ಕು ವರ್ಷದ ಹಿಂದೆ ಬಡಗಿಯನ್ನು ಕರೆಸಿ ನಾಲ್ಕಕ್ಕೂ ಹಲಗೆ ಹೊಡೆಸಿದೆ. ಯಾರನ್ನೂ ಕೇಳಲಿಲ್ಲ, ಯಾರೂ ಬೇಡ ಅನ್ನಲಿಲ್ಲ. ಆ ವರ್ಷದ ವರದಿಯಲ್ಲಿ ಮುಖ್ಯರು "ಧೂಳಿಲ್ಲದ ಕೋಣೆ" ಎಂದು ನನ್ನನ್ನು ಹೊಗಳಿ ಬರೆದರು. ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ವಾಸನೆ ಬರತೊಡಗಿದಾಗ ಹಳೆಯ ಕಾಗದ ಹೀಗೇ ಎಂದುಕೊಂಡೆ. ನಿನ್ನ ಪತ್ರ ಓದಿದ ಮೇಲೆ ಒಂದು ಕಟ್ಟು ಬಿಚ್ಚಿ ಭೂತಗನ್ನಡಿ ಹಿಡಿದೆ. ಒಳಗಿನ ಪುಟಗಳ ಅಂಚೆಲ್ಲಾ ಅದೇ.

ಗುಟ್ಟಾಗಿ ಹಲಗೆ ಕೀಳಿಸಿಬಿಡೋಣ ಎಂದು ಯೋಚಿಸಿದೆ. ಅಷ್ಟರಿಂದ ಆಗುವುದಿಲ್ಲ. ಏಳುನೂರು ಕಟ್ಟುಗಳನ್ನು ಹೊರಗೆ ತಂದು ಬಿಚ್ಚಿ ಒಣಗಿಸಬೇಕು. ಅದಕ್ಕೆ ಆಳು ಬೇಕು, ಆಳಿಗೆ ಮುಖ್ಯರ ಆರ್ಡರ್ ಬೇಕು, ಆರ್ಡರಿಗೆ ಕಾರಣ ಬೇಕು. ಕಾರಣ ನಾನು.

ಬೂಷ್ಟು ಕಾಣದ ಹಾಗೆ ಪ್ರಿಂಟ್ ಮಾಡು. ಹುಳ ಮಾತ್ರ ಕಾಣಲಿ, ಸುತ್ತ ಬೆಳ್ಳಗಿರಲಿ. ನಿನಗೆ ಅದು ಎಡಗೈಯ ಕೆಲಸ. ಲಾರಿ ನಿಂತರೆ ಸಾಕು, ಮಿಕ್ಕಿದ್ದನ್ನು ಆಮೇಲೆ ನಿಧಾನವಾಗಿ ನೋಡಿಕೊಳ್ಳುತ್ತೇನೆ. ಗೊತ್ತಾದರೆ ಕೋಣೆಯಿಂದ ನನ್ನನ್ನು ತೆಗೆಯುತ್ತಾರೆ. ಬೇರೆ ಕೆಲಸ ಮಾಡಲು ನನಗೆ ಬರುವುದಿಲ್ಲ ಎಂದಲ್ಲ, ಬೇಡ. ನನಗೆ ಹೆದರಿಕೆಯಾಗಿದೆ. ಇದನ್ನು ಬರೆಯಲು ಈ ಊರಿನಲ್ಲಿ ನನಗೆ ಇನ್ಯಾರೂ ಇಲ್ಲ, ಅಲ್ಲಿಯೂ ನೀನೊಬ್ಬನೇ.

ತಂಗಿ


ಜುಲೈ ೨೧, ೧೯೯೩

ಪುಟ್ಟಿ,

ಎರಡು ಪ್ರಿಂಟ್ ಇಟ್ಟಿದ್ದೇನೆ. ಚಿಕ್ಕದು ನೀನು ಕೇಳಿದ್ದು. ಸುತ್ತಲಿನದನ್ನೆಲ್ಲಾ ಬಿಳಿ ಮಾಡಿದ್ದೇನೆ, ಹುಳ ಗಾಳಿಯಲ್ಲಿ ನಿಂತ ಹಾಗಿದೆ. ಯಾರಿಗೂ ಗೊತ್ತಾಗುವುದಿಲ್ಲ, ಅಷ್ಟು ನೀಟಾಗಿ ಮಾಡಿದ್ದೇನೆ. ದೊಡ್ಡದರಲ್ಲಿ ಇದ್ದದ್ದೆಲ್ಲಾ ಇದೆ.

ಲಾರಿ ನಿಲ್ಲಿಸಲು ಚಿಕ್ಕದೇ ಸಾಕಾಗಬಹುದು. ಆದರೆ ಅದನ್ನು ನೋಡಿದವರು ಹುಳದ ಹೆಸರು ಬರೆಯುತ್ತಾರೆ, ನಾಳೆಯೇ ಒಣಗಿಸಿ ಎಂದು ಬರೆಯುವುದಿಲ್ಲ. ನಿಧಾನವಾಗಿ ನೋಡಿಕೊಳ್ಳುತ್ತೇನೆ ಎನ್ನುತ್ತೀಯ. ಬೂಷ್ಟು ಹಿಡಿದ ಲೆನ್ಸನ್ನು ಡಬ್ಬಿಯಲ್ಲಿಟ್ಟು ನಿಧಾನವಾಗಿ ನೋಡಿಕೊಂಡವರನ್ನು ನಾನು ಕಂಡಿದ್ದೇನೆ. ಗಾಜೇ ಹೋಗಿರುತ್ತದೆ.

ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ, ಅದನ್ನೂ ಬರೆಯುತ್ತೇನೆ. ಅಪ್ಪನ ಬಾಡಿ ಕೆಟ್ಟಿತ್ತು ಎಂದು ಜೂನಿನಲ್ಲಿ ಬರೆದೆ. ಕೆಟ್ಟಿರಲಿಲ್ಲ. ಪಾಲಾದ ವಾರವೇ, ಲೆನ್ಸು ನಿನ್ನ ಕೈಗೆ ಹೋಯಿತೆಂಬ ಸಿಟ್ಟಿಗೆ, ಮೇಜಿನ ಮೇಲಿಟ್ಟು ಒಂದೊಂದೇ ಸ್ಕ್ರೂ ಬಿಚ್ಚಿದೆ. ಷಟರ್ ಒಂದಿಷ್ಟೂ ತಪ್ಪದೆ ಓಡುತ್ತಿತ್ತು. ಬಿಚ್ಚಿದ ಮೇಲೆ ಜೋಡಿಸಬಹುದಿತ್ತು, ಜೋಡಿಸುವುದೇ ನನ್ನ ಕಸುಬು. ಮಾರನೆಯ ದಿನ ಮೇಷ್ಟ್ರು ಲಿವರ್ ಕೇಳಿಕೊಂಡು ಬಂದರು, ಕೊಟ್ಟುಬಿಟ್ಟೆ. ಕೇಳಿದವರಿಗೆಲ್ಲಾ ಕೆಟ್ಟಿತ್ತು ಎಂದು ಹೇಳುತ್ತಾ ಬಂದೆ. ಈ ಆರು ವರ್ಷದಲ್ಲಿ ಅದನ್ನು ನೆನೆಯದ ದಿನವಿಲ್ಲ.

ಯಾವ ಪ್ರಿಂಟ್ ಕಳಿಸುತ್ತೀಯೋ ನಿನ್ನಿಷ್ಟ. ನಾನು ಕೇಳುವುದಿಲ್ಲ.

ಅಣ್ಣ


ಜುಲೈ ೨೫, ೧೯೯೩

ಅಣ್ಣಾ,

ಫೋಟೋ ನಿನ್ನೆ ರಿಜಿಸ್ಟರ್ ಅಂಚೆಯಲ್ಲಿ ಹೋಯಿತು.

ಬಾಡಿಯ ವಿಷಯ ಓದಿದೆ. ಈ ಸಲ ಎರಡು ಸಲ ಓದಿದೆ. ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಆಮೇಲೆ ಆ ಮೇಜಿನ ಮುಂದೆ ಕೂತ ನಿನ್ನ ಮುಖ ಕಣ್ಣಿಗೆ ಕಟ್ಟಿತು. ನೀನು ಪರೀಕ್ಷೆಯಲ್ಲಿ ಫೇಲ್ ಆದಾಗ ಅಂಥದೇ ಮುಖ ಮಾಡಿಕೊಂಡು ರೇಡಿಯೋ ಬಿಚ್ಚಿದ್ದೆ.

ತಂಗಿ


ಆಗಸ್ಟ್ ೧೯, ೧೯೯೩

ಪುಟ್ಟಿ,

ಕೇಳುವುದಿಲ್ಲ ಎಂದಿದ್ದೆ. ಕೇಳುತ್ತಿದ್ದೇನೆ. ಮೂವತ್ತೊಂದು ಕಳೆದು ಮೂರು ವಾರವಾಗುತ್ತಾ ಬಂತು. ಲಾರಿ ಬಂತೇ? ಅಂಚೆಯವನು ಅಂಗಡಿ ಮುಂದೆ ನಿಲ್ಲದೆ ಹೋದರೆ ನನಗೆ ಕೈಯಲ್ಲಿದ್ದ ಸ್ಕ್ರೂ ಎಲ್ಲಿಟ್ಟೆ ಎಂಬುದು ಮರೆಯುತ್ತದೆ. ಏನಾಗಿದ್ದರೂ ಎರಡು ಸಾಲು ಬರೆ. ಬಾ ಎಂದರೆ ಅಂಗಡಿ ಮುಚ್ಚಿ ಬರುತ್ತೇನೆ.

ಅಣ್ಣ


ಸೆಪ್ಟೆಂಬರ್ ೫, ೧೯೯೩

ಅಣ್ಣಾ,

ತಡವಾಯಿತು, ಹೊಟ್ಟೆಗೆ ಹಾಕಿಕೊ. ಪತ್ರ ಬರೆಯಲು ಕೂತಾಗಲೆಲ್ಲಾ ಕಣ್ಣು ಮುಚ್ಚುತ್ತಿತ್ತು.

ದೊಡ್ಡದನ್ನೇ ಕಳಿಸಿದೆ. ಮೂವತ್ತಕ್ಕೆ ಕೀಟತಜ್ಞರ ತಂತಿ ಬಂತು. ಮರ ಕೊರೆಯುವುದಲ್ಲ, ಪುಸ್ತಕದ ಹೇನು, ಬೂಷ್ಟು ತಿಂದು ಬದುಕುತ್ತದೆ, ಬೇರೆ ಪುಸ್ತಕಗಳಿಗೆ ಭಯವಿಲ್ಲ, ಕೂಡಲೇ ಗಾಳಿ ಬೆಳಕು ಕೊಟ್ಟು ಒಣಗಿಸಿ. ಮಾರನೆಯ ದಿನ ಲಾರಿ ಬಂದು ಖಾಲಿ ಹೋಯಿತು. ಡ್ರೈವರ್ ನಮ್ಮೆಲ್ಲರನ್ನೂ ಸೇರಿಸಿ ಬೈದ.

ಮುಖ್ಯರು ತಂತಿ ಹಿಡಿದುಕೊಂಡು ಮೇಲೆ ಬಂದರು. "ಗಾಳಿ ಯಾಕಿಲ್ಲ ಇಲ್ಲಿ?" ಎಂದರು.

"ಕಿಟಕಿಗೆ ಹಲಗೆ ಹೊಡೆಸಿದೆ ಸರ್."

"ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ ಸರ್. ನಾನೇ."

ತಂತಿಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. ತಮ್ಮದೇ ವರದಿ ನೆನಪಾಗಿರಬೇಕು. ಆಮೇಲೆ, "ಹೇಳದೆ ಇದ್ದಿದ್ದರೆ ನನಗೆ ಗೊತ್ತಾಗ್ತಿರಲಿಲ್ಲ ಕಣಮ್ಮ. ಈಗ ಗೊತ್ತಾಗಿದೆ, ಏನಾದರೂ ಮಾಡಲೇಬೇಕು" ಎಂದರು. ಕೆಟ್ಟವರಲ್ಲ. ಬೇರೆ ಯಾರ ತಲೆಯ ಮೇಲಾದರೂ ಗೂಬೆ ಕೂರಿಸಲು ಸಾಧ್ಯವೇ ಎಂದು ಅವರೂ ಒಂದು ಗಳಿಗೆ ಹುಡುಕಿದರು ಎಂದು ಕಾಣುತ್ತದೆ.

ಬಡಗಿ ಬಂದು ಹಲಗೆ ಕಿತ್ತ. ಆಗಸ್ಟ್ ಪೂರ್ತಿ ಕಟ್ಟುಗಳನ್ನು ಕೆಳಗಿನ ಹಜಾರದಲ್ಲಿ ಫ್ಯಾನಿನಡಿ ಹರಡಿದೆವು. ನಾನು ಪ್ರತಿಯೊಂದು ಕಟ್ಟಿನ ಅಂಚನ್ನೂ ಕುಂಚದಿಂದ ಒರೆಸಿದೆ. ಹನ್ನೊಂದು ಕಟ್ಟು ಉಳಿಯಲಿಲ್ಲ, ಮಿಕ್ಕಿದ್ದೆಲ್ಲಾ ಉಳಿಯಿತು. ಕೊನೆಯ ಕಟ್ಟು ಮೇಲೆ ಹೋದ ಸಂಜೆ ನನಗೆ ಆರ್ಡರ್ ಕೊಟ್ಟರು. ಸೆಪ್ಟೆಂಬರ್ ಒಂದರಿಂದ ನಾನು ಬಾಗಿಲ ಬಳಿಯ ಕೌಂಟರಿನಲ್ಲಿ ಸದಸ್ಯರ ಕಾರ್ಡು ಬರೆಯುತ್ತೇನೆ. ಬೀಗದಕೈಯನ್ನು ಕಚೇರಿಯಲ್ಲಿ ಒಪ್ಪಿಸಿದೆ. ನೀನು ಬರುವುದಾದರೆ ಬಾ, ಖಂಡಿತ ಬಾ. ಭಾನುವಾರ ರಜೆ.

ನಿನ್ನೆ ಊಟದ ಬಿಡುವಿನಲ್ಲಿ ಮೇಲೆ ಹೋದೆ. ಕೋಣೆಗೆ ಹೊಸಬಳು ಬಂದಿದ್ದಾಳೆ, ಬೇರೆ ಶಾಖೆಯಿಂದ. ನಾನು ಯಾರೆಂದು ಅವಳಿಗೆ ಗೊತ್ತಿಲ್ಲ, ನಾನೂ ಹೇಳಲಿಲ್ಲ. "ಚೀಟಿ ತುಂಬಿ ಮೇಡಂ. ಒಂದು ಸಲಕ್ಕೆ ಒಂದೇ ಕಟ್ಟು. ಎಂಜಲು ಬೆರಳಲ್ಲಿ ಪುಟ ತಿರುಗಿಸಬೇಡಿ" ಎಂದಳು. ಆ ನಿಯಮಗಳನ್ನು ಬರೆದು ಗೋಡೆಗೆ ಹಚ್ಚಿದವಳು ನಾನು. ಚೀಟಿ ತುಂಬಿದೆ. ಯಾವ ತಿಂಗಳು ಎಂದು ಕೇಳಿದಳು, ಬಾಯಿಗೆ ಬಂದ ತಿಂಗಳು ಹೇಳಿದೆ. ಕಿಟಕಿಯ ಹತ್ತಿರ ಕೂತೆ. ಗಾಳಿ ಬರುತ್ತಿತ್ತು. ಪುಟ ಗರಿಗರಿಯಾಗಿತ್ತು, ವಾಸನೆ ಒಂದಿಷ್ಟೂ ಇರಲಿಲ್ಲ. ಅಳು ಬಂತು ಅಣ್ಣಾ. ಕಾಗದ ಉಳಿಯಿತಲ್ಲ ಎಂದು ಬಂದ ಅಳುವಲ್ಲ. ಕೋಣೆ ನನ್ನದಲ್ಲವಲ್ಲ ಎಂದು.

ಹೊಸಬಳು ದೂರದಿಂದಲೇ ನೋಡಿ ಎದ್ದು ಬಂದಳು. ಏನಾಯಿತು ಎಂದು ಕೇಳುತ್ತಾಳೆ ಎಂದುಕೊಂಡೆ. ಕಟ್ಟನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡು, "ಪುಟದ ಮೇಲೆ ನೀರು ಬೀಳಿಸಬೇಡಿ ಮೇಡಂ, ಬೂಷ್ಟು ಬರುತ್ತೆ" ಎಂದಳು.

ಸರಿಯಾಗಿಯೇ ಹೇಳಿದಳು. ಮುಖ ಒರೆಸಿಕೊಂಡು ಕೆಳಗಿಳಿದು ಬಂದೆ.

ನಿನ್ನ ತಂಗಿ